ಆಯುನ್‌ಗೆ ರಕ್ತ ಕಮ್ಮಿ

ಅಕ್ಟೋಬರ್ ೧೪, ೧೯೮೬

ಸರ್ಕಾರದ ಕಡುಬಿನ ಅಂಗಡಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದ ದಿನ ಅಂಗಡಿಯವರು ಈ ದಿನಚರಿ ಪುಸ್ತಕ ಕೊಟ್ಟಿದ್ದರು. ಎರಡು ವರ್ಷ ಇದರಲ್ಲಿ ಒಂದಕ್ಷರ ಬಿದ್ದಿರಲಿಲ್ಲ. ಬರೆಯುವುದಕ್ಕೆ ಏನಿತ್ತು? ಎದ್ದೆ, ತಿಂದೆ, ಮಲಗಿದೆ. ಇವತ್ತು ಯಾರ ಹತ್ತಿರವೂ ಆಡಲಾಗದ ಮಾತೊಂದು ತಲೆ ಮೇಲೆ ಬಿದ್ದಿದೆ. ಆಯುನ್‌ಳ ತಾಯಿ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ, ಇದಕ್ಕೆಲ್ಲ ಶಾಯಿ ಖರ್ಚಾಗುತ್ತಿರಲಿಲ್ಲ.

ಆಯುನ್ ನನ್ನ ಒಬ್ಬಳೇ ಮಗಳು. ಇಪ್ಪತ್ತನಾಲ್ಕು ವರ್ಷ. ಮೇಲಿನ ಕರೆಂಟ್ ತಂತಿ ಹಿಡಿದು ಓಡುವ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾಳೆ. ಅವಳು ನಿಲ್ದಾಣದ ಹೆಸರು ಕೂಗಿದರೆ ಮುಂದಿನ ನಿಲ್ದಾಣದಲ್ಲಿ ನಿಂತವರಿಗೂ ಕೇಳಬೇಕು, ಅಂಥ ಗಂಟಲು. ಹೋದ ತಿಂಗಳು ಕೂಗುವಾಗ ಒಸಡಿನಲ್ಲಿ ರಕ್ತ ಬಂತು. ತೋಳಿನ ಮೇಲೆ, ತೊಡೆಯ ಮೇಲೆ ನೀಲಿ ಕಲೆಗಳು. ಜನ ತುಂಬಿದ ಬಸ್ಸಿನಲ್ಲಿ ತಳ್ಳಾಟಕ್ಕೆ ಆಗಿರಬೇಕೆಂದುಕೊಂಡೆವು. ಶುಕ್ರವಾರ ಮೂಗಿನಿಂದ ಸುರಿದ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಸೇರಿಸಿದೆ.

ಇವತ್ತು ಅವಳನ್ನು ನೋಡುತ್ತಿರುವ ಡಾಕ್ಟರ್ ತಾವ್ ನನ್ನನ್ನು ಓಣಿಗೆ ಕರೆದಳು. ವಾರ್ಡಿನ ಹೊರಗಿನ ಆ ಓಣಿಗೆ ಕರೆದರೆಂದರೆ ಏನರ್ಥ ಎಂದು ಶಾಂಘಾಯಿಯಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ಸುದ್ದಿಯನ್ನು ಹಾಸಿಗೆಯ ಪಕ್ಕದಲ್ಲೇ ಹೇಳುತ್ತಾರೆ. ಅವಳು ಕಾಯಿಲೆಯ ಹೆಸರು ಹೇಳಿದಳು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ರಕ್ತದ್ದೇ. ಅದರಲ್ಲೂ ಅಪರೂಪದ ಬಗೆಯಂತೆ, ಎಲ್ಲೆಲ್ಲಿಂದಲೋ ರಕ್ತ ಹರಿದು ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದಂತೆ. ಈ ಕಾಯಿಲೆಗೆ ಮಾಮೂಲಾಗಿ ಕೊಡುವ ಸೂಜಿಮದ್ದು ಕೊಟ್ಟರೆ ರಕ್ತ ಹೋಗುವುದು ಇನ್ನೂ ಹೆಚ್ಚಾಗಬಹುದು. "ಬಾಯಲ್ಲಿ ನುಂಗೋ ಒಂದು ಗುಳಿಗೆ ಇದೆ" ಎಂದಳು. "ಹೊಸದು. ಇದುವರೆಗೆ ತಗೊಂಡವರನ್ನ ಬೆರಳಲ್ಲಿ ಎಣಿಸಬಹುದು. ಪ್ರಯೋಗ ಅಂತಲೇ ತಿಳ್ಕೊಳ್ಳಿ. ನೀವು ಒಪ್ಪಿದರೆ ಮಾತ್ರ."

ಒಪ್ಪದೆ ಏನು ಮಾಡಲಿ? ರುಜು ಹಾಕಿದೆ. ನಮ್ಮಲ್ಲಿ ರುಜು ಹಾಕುವವರು ಮನೆಯವರೇ, ರೋಗಿಯಲ್ಲ.

ಒಳಗೆ ಹೋದರೆ ಆಯುನ್ ದಿಂಬಿಗೆ ಒರಗಿ ಕೂತಿದ್ದಳು. "ಏನಂತೆ?" ಎಂದಳು.

"ರಕ್ತ ಕಮ್ಮಿ. ಹೊತ್ತೊತ್ತಿಗೆ ಊಟ ಮಾಡು ಅಂದ್ರೆ ಮಾಡ್ತೀಯಾ ನೀನು?"

"ಅಷ್ಟೇನಾ? ಅಷ್ಟು ಹೇಳೋಕೆ ಇಷ್ಟು ಹೊತ್ತು ಓಣೀಲಿ ನಿಲ್ಲಿಸಿಕೊಂಡಿದ್ರಾ?"

"ನನ್ನ ಮೊಣಕಾಲು ತೋರಿಸ್ತಿದ್ದೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ಅಕ್ಟೋಬರ್ ೧೬

ಗುಳಿಗೆ ಶುರುವಾಯಿತು. ಚರ್ಮದ ಕಾಯಿಲೆಗೆ ಕೊಡುತ್ತಿದ್ದ ಔಷಧಿಯಂತೆ, ಯಾವುದೋ ವಿಟಮಿನ್ನಿನ ದಾಯಾದಿ. ನನ್ನ ಮಗಳ ಪ್ರಾಣ ಮೊಡವೆ ಮದ್ದಿನ ಕೈಲಿದೆ.

ಅದು ಹೇಗೆ ಕೆಲಸ ಮಾಡುತ್ತದೆಂದು ಡಾಕ್ಟರ್ ತಾವ್‌ಳನ್ನು ಕೇಳಿದೆ. ಅವಳಿಗೆ ಮೂವತ್ತೈದೂ ಆಗಿರಲಿಕ್ಕಿಲ್ಲ, ಆದರೆ ಆತುರವಿಲ್ಲದೆ ಹೇಳುತ್ತಾಳೆ. "ನಿಮ್ಮ ಮಗಳ ಮೂಳೆಯೊಳಗೆ ಹುಟ್ಟೋ ರಕ್ತದ ಕಣಗಳು ದೊಡ್ಡವಾಗ್ತಾ ಇಲ್ಲ ಮೇಸ್ತ್ರಿಗಳೇ. ಪುಂಡು ಹುಡುಗರ ಥರ ಗುಂಪು ಸೇರಿಕೊಂಡು ಒಳ್ಳೆಯವಕ್ಕೆ ಜಾಗ ಬಿಡ್ತಿಲ್ಲ. ಬೇರೆ ಔಷಧಿಗಳು ಅವನ್ನ ಕೊಲ್ತವೆ. ಇದು ಕೊಲ್ಲಲ್ಲ. ಬುದ್ಧಿ ಕಲಿಸಿ ದೊಡ್ಡದು ಮಾಡುತ್ತೆ, ಅವು ತಮ್ಮ ವಯಸ್ಸು ತುಂಬಿ ತಾವೇ ಹೋಗ್ತವೆ."

"ನನಗೂ ಬುದ್ಧಿ ಕಲಿಸಿದ್ರು ಡಾಕ್ಟ್ರೇ" ಎಂದೆ. "ಮುಂಚೆ ನಂದೇ ಕಡುಬಿನ ಅಂಗಡೀಲಿ ಇಬ್ಬರು ಆಳು ಇಟ್ಕೊಂಡಿದ್ದೆ, ಕ್ರಾಂತಿ ಕಾಲದಲ್ಲಿ ಧಣಿ ಅಂತ ಹಣೆಪಟ್ಟಿ ಹಚ್ಚಿ ಚೋಂಗ್‌ಮಿಂಗ್ ದ್ವೀಪದಲ್ಲಿ ಹಂದಿ ಮೇಯಿಸೋಕೆ ಹಾಕಿದ್ರು. ಬುದ್ಧಿ ಬಂತು ಅಂತ ಬರ್ಕೊಟ್ಟು ವಾಪಸ್ ಬಂದೆ. ಬಂದಿದ್ದು ಮೊಣಕಾಲು ನೋವು."

ಅವಳು ನಗಲಿಲ್ಲ. ನೆಲ ನೋಡಿದಳು. ಆಮೇಲೆ, "ಈ ಕಣಗಳು ನಿಮ್ಮಷ್ಟು ಹಟಮಾರಿ ಆಗಿರದಿದ್ದರೆ ಸಾಕು" ಎಂದಳು. ಹುಡುಗಿ ಪರವಾಗಿಲ್ಲ.

ಅಕ್ಟೋಬರ್ ೨೧

ಮೈ ಕೆಂಡ. ಉಸಿರಾಡಲು ಒದ್ದಾಡುತ್ತಿದ್ದಾಳೆ. ಬಿಳಿ ಕಣಗಳು ಇಳಿಯುವ ಬದಲು ಏರಿವೆ. ಇದು ಕಾಯಿಲೆಯೋ ಔಷಧಿಯೋ ಎಂದು ಕೇಳಿದೆ. "ನಮಗೂ ಗೊತ್ತಿಲ್ಲ" ಎಂದಳು ಡಾಕ್ಟರ್ ತಾವ್. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಇದೇ ಮೊದಲು ನೋಡಿದ್ದು. ಕತ್ತು ಹಿಸುಕಬೇಕೆನ್ನಿಸಿತು.

ಅಕ್ಟೋಬರ್ ೨೫

ಹಾಗೇ ಇದೆ. ಜಿನ್‌ಹಾಯ್ ಬಂದು ಹಾಸಿಗೆಯ ಪಕ್ಕ ಕೂತು ಹೋದ. ಆಯುನ್‌ಳನ್ನು ಮದುವೆಯಾಗಬೇಕಾದ ಹುಡುಗ, ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಾನೆ. ಅವನಿಗೂ ರಕ್ತ ಕಮ್ಮಿ ಎಂದೇ ಹೇಳಿದ್ದೇನೆ. ನಂಬಿದ. ಮಾತು ಕಮ್ಮಿಯ ಹುಡುಗ, ಹೇಳಿದ್ದನ್ನು ನಂಬುತ್ತಾನೆ.

ನವೆಂಬರ್ ೩

ಜ್ವರ ಬಿಟ್ಟಿದೆ! ಒಸಡಿನಲ್ಲಿ ರಕ್ತವಿಲ್ಲ. ನೀಲಿ ಕಲೆಗಳು ಹಳದಿಗೆ ತಿರುಗಿವೆ. ಪಕ್ಕದ ಹಾಸಿಗೆಯವಳು ಗೊರಕೆ ಹೊಡೆಯುತ್ತಾಳೆಂದು ಬೆಳಿಗ್ಗೆಯೇ ಜಗಳ ತೆಗೆದಿದ್ದಳು ನನ್ನ ಮಗಳು. ಆ ಜಗಳ ಕೇಳಿ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ತಲೆ ಸಿಡಿಯುತ್ತದೆ, ತುಟಿ ಒಡೆದು ಸಿಪ್ಪೆ ಏಳುತ್ತದೆ ಎನ್ನುತ್ತಿದ್ದಳು. ಡಾಕ್ಟರ್ ತಾವ್ ಊಟ ಏನೇನು ಎಂದು ವಿಚಾರಿಸಿದಳು. ರಕ್ತ ಕಮ್ಮಿ ಎಂದು ಊರಿಗೆಲ್ಲ ಸಾರಿದವನು ನಾನೇ ತಾನೇ? ಕೆಳಗಿನ ಮನೆಯ ಗು ಅಜ್ಜಿ ಹಂದಿಯ ಪಿತ್ತಜನಕಾಂಗದ ಸಾರು ತಂದುಕೊಡುತ್ತಾಳೆ. ಜಿನ್‌ಹಾಯ್‌ನ ತಾಯಿ ಅದನ್ನೇ ಪಾಲಕ್ ಸೊಪ್ಪಿನ ಜೊತೆ ಹುರಿದು ಕಳಿಸುತ್ತಾಳೆ. ಮಿಕ್ಕಿದ ಹೊತ್ತಿಗೆ ನಾನು. ರಕ್ತ ಕಮ್ಮಿಯಾದವರಿಗೆ ಪಿತ್ತಜನಕಾಂಗ ಕೊಡದಿದ್ದರೆ ಜನ ಉಗಿಯುತ್ತಾರೆ.

"ಅಯ್ಯೋ ದೇವ್ರೇ" ಎಂದಳು ಡಾಕ್ಟರ್ ತಾವ್. "ಆ ವಿಟಮಿನ್ ಎಲ್ಲಕ್ಕಿಂತ ಜಾಸ್ತಿ ಇರೋದೇ ಅದರಲ್ಲಿ! ಗುಳಿಗೆ ಮೇಲೆ ಅದನ್ನೂ ಮೂರು ಹೊತ್ತು ತುಂಬಿಸ್ತಿದ್ದೀರಾ? ಇವತ್ತೇ ನಿಲ್ಲಿಸಿ."

ನಿಲ್ಲಿಸುವುದು ಸರಿ, ಗು ಅಜ್ಜಿಗೆ ಏನು ಹೇಳುವುದು? "ಈ ಸಲ ಹಂದಿಗಳಿಗೆ ಏನೋ ಹುಳ ಬಿದ್ದಿದೆಯಂತೆ ಅಜ್ಜಿ, ಆಸ್ಪತ್ರೆಯವರು ಪಿತ್ತಜನಕಾಂಗ ಮುಟ್ಟಬೇಡಿ ಅಂದ್ರು" ಎಂದುಬಿಟ್ಟೆ. ಸಂಜೆಯ ಹೊತ್ತಿಗೆ ನಮ್ಮ ಗಲ್ಲಿ ಪೂರ್ತಿ ಸುದ್ದಿ ಹಬ್ಬಿತ್ತು. ಮಾಂಸದಂಗಡಿಯವನು ಬಾಗಿಲಿಗೆ ಬಂದು, "ಯಾವನ್ರೀ ನನ್ನ ಹಂದಿಗೆ ಹುಳ ಬಿಟ್ಟೋನು?" ಎಂದು ಕೂಗಾಡಿ ಹೋದ. ನಾನು ಅಟ್ಟದ ಮೇಲೆ ಕೂತು ಕೆಮ್ಮಲೂ ಇಲ್ಲ.

ನವೆಂಬರ್ ೨೬

ಮೂಳೆಯೊಳಗೆ ಕೆಟ್ಟ ಕಣ ಒಂದೂ ಕಾಣುತ್ತಿಲ್ಲ. ಒಂದೂ ಇಲ್ಲ!

ಡಾಕ್ಟರ್ ತಾವ್ ನನ್ನನ್ನು ಸೂಕ್ಷ್ಮದರ್ಶಕದ ಹತ್ತಿರ ಕರೆದೊಯ್ದು ತೋರಿಸಿದಳು. ನೇರಳೆ ಚುಕ್ಕೆ ಬಿಟ್ಟು ನನಗೆ ಏನೂ ತಿಳಿಯಲಿಲ್ಲ, ಆದರೆ ಅವಳ ಕಣ್ಣು ಒದ್ದೆಯಾಗಿದ್ದು ತಿಳಿಯಿತು. ಎರಡು ರಾತ್ರಿ ಮನೆಗೆ ಹೋಗಿಲ್ಲವಂತೆ. ನಾಳೆ ಬಿಸಿ ಕಡುಬು ತಂದುಕೊಡುತ್ತೇನೆಂದೆ.

ಆಮೇಲೆ ಅದೇ ಓಣಿ. "ಮೇಸ್ತ್ರಿಗಳೇ, ಎಷ್ಟು ದಿನ ಹೀಗೆ ಇರುತ್ತೋ ಯಾರಿಗೂ ಗೊತ್ತಿಲ್ಲ. ಗುಳಿಗೆ ಬಿಡಕೂಡದು. ಇನ್ನೊಂದು. ಇದನ್ನ ತಗೊಳ್ತಿರೋವಾಗ ಬಸುರಾಗಬಾರದು. ಮಗು ಅಂಗವಿಕಲ ಆಗುತ್ತೆ. ಅವಳಿಗೆ ತಿಳಿಸಿ ಹೇಳಿ. ನೀವು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ."

"ನಾನೇ ಹೇಳ್ತೀನಿ" ಎಂದೆ.

ಹೇಗೆ ಹೇಳಲಿ? ಅಪ್ಪನಾದವನು ಮಗಳ ಹತ್ತಿರ ಬಸುರಿನ ಮಾತಾಡುವುದುಂಟೇ? ಅವಳ ತಾಯಿ ಇದ್ದಿದ್ದರೆ ಒಂದು ನಿಮಿಷದ ಕೆಲಸ. ಹೇಳಿದರೂ ಅವಳು ಯಾಕೆ ಎನ್ನುತ್ತಾಳೆ. ರಕ್ತ ಕಮ್ಮಿಯ ಗುಳಿಗೆಗೂ ಮಗುವಿಗೂ ಏನು ಸಂಬಂಧ ಎನ್ನುತ್ತಾಳೆ. ಆ ಒಂದು ಎಳೆ ಹಿಡಿದು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ನಗುನಗುತ್ತಾ ಸ್ವೆಟರ್ ಹಾಕಿಕೊಂಡು ಮನೆಗೆ ಹೊರಟವಳಿಗೆ ಆ ಹೆಸರು ಹೇಳುವಷ್ಟು ಕಲ್ಲೆದೆ ನನಗಿಲ್ಲ.

ಡಿಸೆಂಬರ್ ೨೧

ಜಿನ್‌ಹಾಯ್‌ಗೆ ಕಾರ್ಖಾನೆಯವರು ಒಂದು ಕೋಣೆ ಮಂಜೂರು ಮಾಡಿದ್ದಾರೆ. ಹತ್ತು ವರ್ಷ ಕಾದವರಿಗೇ ಸಿಗದ ಕೋಣೆ. ಜನವರಿ ಕೊನೆಗೆ ಬರುವ ನಮ್ಮ ಹೊಸ ವರ್ಷದ ಹಬ್ಬ ಮುಗಿಯುವುದರೊಳಗೆ ಮದುವೆಯ ದಾಖಲೆ ತೋರಿಸದಿದ್ದರೆ ಪಟ್ಟಿಯಲ್ಲಿ ಹಿಂದಿನವನಿಗೆ ಹೋಗುತ್ತದೆ.

"ಬರೋ ವರ್ಷ ಮಾಡ್ಕೊಳ್ಳಿ, ಸ್ವಲ್ಪ ಸುಧಾರಿಸ್ಕೋ" ಎಂದೆ ಆಯುನ್‌ಗೆ.

"ಅಪ್ಪ, ನಾನು ಮುದುಕಿ ಆದ್ಮೇಲೆ ಮದುವೆ ಆಗ್ಲಾ? ಕೋಣೆ ಹೋದ್ರೆ ನಿನ್ನ ಮಂಚದ ಕೆಳಗೆ ಸಂಸಾರ ಹೂಡ್ಲಾ?"

ಒಪ್ಪಿಕೊಂಡೆ. ಒಂದೇ ಸಮಾಧಾನ, ಮದುವೆಯಾದ ಕೂಡಲೇ ಮಗು ಮಾಡಿಕೊಳ್ಳುವಂತಿಲ್ಲವಲ್ಲ. ಸರ್ಕಾರದ ನಿಯಮದಂತೆ ಅವಳ ಬಸ್ ಡಿಪೋದವರು ಪರವಾನಗಿ ಕೊಡಬೇಕು, ಡಿಪೋಗೆ ವರ್ಷಕ್ಕೆ ಇಷ್ಟೇ ಮಗು ಎಂದು ಲೆಕ್ಕ. ಅವಳ ಮುಂದೆ ಸಾಲಿನಲ್ಲಿ ಎಷ್ಟೋ ಜನ ಇದ್ದಾರೆ. ಅವಳ ಸರದಿ ಬರಲು ಒಂದೂವರೆ ವರ್ಷವಾದರೂ ಬೇಕು. ಜೀವಮಾನದಲ್ಲಿ ಮೊದಲ ಸಲ ಸರ್ಕಾರದ ಸಾಲು ನನ್ನ ಪರವಾಗಿದೆ. ಅಷ್ಟರಲ್ಲಿ ಏನಾದರೂ ದಾರಿ ಕಂಡೀತು.

ಜನವರಿ ೩೧, ೧೯೮೭

ಮದುವೆ ಮುಗಿಯಿತು. ಕೆಂಪು ಕೋಟು ಹಾಕಿಕೊಂಡು ಎಲ್ಲರಿಗೂ ಸಿಗರೇಟು ಹಂಚಿದಳು, ಮದುಮಗಳು ಮಾಡಬೇಕಾದ ಹಾಗೆ. ಬಸ್ಸಿನ ಗೆಳತಿಯರು, "ಟಿಕೆಟ್ ಇಲ್ದೋರು ಇಳೀರಿ!" ಎಂದು ಜಿನ್‌ಹಾಯ್‌ನನ್ನು ಬಾಗಿಲಲ್ಲೇ ತಡೆದರು. ಅವನು ಬೆವತುಬಿಟ್ಟ, ಪಾಪ.

ಅವನನ್ನು ಪಕ್ಕಕ್ಕೆ ಕರೆದು, "ಗುಳಿಗೆ ತಪ್ಪಬಾರದು. ಪ್ರತಿ ತಿಂಗಳು ನಾನೇ ತಂದುಕೊಡ್ತೀನಿ" ಎಂದೆ. "ಆಗಲಿ ಮಾವ" ಎಂದ. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ತಾಯಿ ಮೀನು ತಣ್ಣಗಾಗುತ್ತದೆಂದು ಕೂಗಿದಳು. ಸದ್ಯ ಎಂದುಕೊಂಡೆ.

ಮಾರ್ಚ್ ೮

ಭಾನುವಾರ. ಕಾವಲಿಯ ಮೇಲೆ ಕಡುಬು ಮಾಡಿದ್ದೆ. ತಳ ಗರಿಗರಿಯಾಗಿ ಕೂತಿತ್ತು. ಆಯುನ್ ಹನ್ನೊಂದು ತಿಂದಳು, ಕೆನ್ನೆ ತುಂಬಿಕೊಂಡಿದೆ. ತುಟಿ ಮಾತ್ರ ಒಣಗಿದೆ. "ಈ ಗುಳಿಗೆ ಇನ್ನೂ ಎಷ್ಟು ದಿನ ಅಪ್ಪ? ರಾತ್ರಿ ಮೂಳೆ ನೋಯುತ್ತೆ" ಎಂದಳು. ಹೇಳಿದಷ್ಟು ದಿನ ಎಂದೆ. ತಾನು ಡಾಕ್ಟರನ್ನೇ ಕೇಳುತ್ತೇನೆಂದಾಗ, ಡಾಕ್ಟರಿಗೆ ಪುರುಸೊತ್ತಿಲ್ಲ, ನಾನಿದ್ದೇನಲ್ಲ ಎಂದು ಗದರಿದೆ. ರಕ್ತ ಪರೀಕ್ಷೆಗೂ ನಾನೇ ಜೊತೆಗೆ ಹೋಗುತ್ತೇನೆ, ಅವಳನ್ನು ಡಾಕ್ಟರ್ ತಾವ್ ಜೊತೆ ಒಂಟಿಯಾಗಿ ಬಿಡುವುದಿಲ್ಲ.

ಮೇ ೧೦

ಇವತ್ತೂ ಭಾನುವಾರ.

ಊಟಕ್ಕೆ ಬಂದ ಆಯುನ್ ನಾಚಿ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಳು. ಜಿನ್‌ಹಾಯ್ ಚಾಪ್‌ಸ್ಟಿಕ್ ಕೆಳಗಿಟ್ಟು, "ಮಾವ, ನೀವು ತಾತ ಆಗ್ತೀರ" ಎಂದ.

"ಪರವಾನಗಿ ಇನ್ನೂ ಬಂದಿಲ್ವಲ್ಲ?" ಎಂದುಬಿಟ್ಟೆ. ಮೊಮ್ಮಗು ಬರುತ್ತದೆಂದು ಹೇಳಿದರೆ ಯಾವ ಅಜ್ಜ ಹೀಗೆ ಕೇಳುತ್ತಾನೆ?

ಆಯುನ್ ನಕ್ಕಳು. "ನಮ್ಮ ಡಿಪೋದ ಒಬ್ಬಳಿಗೆ ಗಂಡ ಬಿಟ್ಟುಹೋದ ಅಪ್ಪ. ಅವಳ ಸರದಿ ಖಾಲಿ ಬಿತ್ತು. ಈ ವರ್ಷದ ಲೆಕ್ಕದ್ದು ಹಾಳಾಗೋದು ಬೇಡ ಅಂತ ಮ್ಯಾನೇಜರು ನಂಗೆ ಕೊಟ್ರು, ಮಾರ್ಚಲ್ಲೇ. ನಿಂಗೆ ಆಶ್ಚರ್ಯ ಆಗ್ಲಿ ಅಂತ ಹೇಳಿರ್ಲಿಲ್ಲ."

"ಗುಳಿಗೆ?"

"ಅದನ್ನ ಅವತ್ತೇ ಬಿಟ್ಟೆ. ಹೊಟ್ಟೇಲಿ ಮಗು ಬರೋವಾಗ ಔಷಧಿ ಗಿಷಧಿ ಇರಬಾರ್ದು ಅಂತ ಅತ್ತೆ ಅಂದ್ರು. ರಕ್ತ ಚೆನ್ನಾಗೇ ಇದೆಯಲ್ಲಪ್ಪ, ನೋಡು ಹೇಗಿದ್ದೀನಿ!" ಎಂದು ತೋಳು ಚಾಚಿದಳು. ಮೊಣಕೈಯ ಕೆಳಗೆ ಅಂಗೈ ಅಗಲದ ನೀಲಿ ಕಲೆ ಇತ್ತು. ಬಸ್ಸಿನ ಬಾಗಿಲು ತಗುಲಿತಂತೆ.

ಮೇ ೧೧

ಡಾಕ್ಟರ್ ತಾವ್ ಎಂದೂ ದನಿ ಏರಿಸಿದವಳಲ್ಲ. ಇವತ್ತು ಓಣಿಯ ಜನರೆಲ್ಲ ತಿರುಗಿ ನೋಡಿದರು. "ಹೇಳ್ತೀನಿ ಅಂದ್ರಲ್ಲ ನೀವು! ಹೇಳಿದ್ದೀರಿ ಅಂತ ನಂಬಿ ಸುಮ್ಮನಿದ್ದೆನಲ್ಲ ನಾನು!"

ನಿಂತೇ ಇದ್ದೆ. ಬೈಯಲಿ, ಇನ್ನೂ ಬೈಯಲಿ ಅನ್ನಿಸಿತು.

ಆಮೇಲೆ ಅವಳೇ ಬೆಂಚಿನ ಮೇಲೆ ಕೂತು, ಸಣ್ಣ ದನಿಯಲ್ಲಿ ಹೇಳಿದಳು. ನಾಳೆಯೇ ಕರೆತರಬೇಕು. ಕಾಯಿಲೆ ಮರಳಿದ್ದರೆ ಮಗುವನ್ನು ಉಳಿಸಿಕೊಳ್ಳುವಂತಿಲ್ಲ. "ಬಿಡದಿದ್ರೂ ಮರಳ್ತಿತ್ತೇನೋ. ತಪ್ಪದೆ ತಗೊಂಡ ಬೇರೆಯವರಿಗೂ ಮರಳ್ತಿದೆ. ನನಗೆ ಗೊತ್ತಿಲ್ಲ ಮೇಸ್ತ್ರಿಗಳೇ. ಆದ್ರೆ ಈ ಸಲ ಅವಳಿಗೆ ಹೇಳದೆ ನಾನು ಒಂದು ಗುಳಿಗೇನೂ ಕೊಡಲ್ಲ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಮೇ ೧೨

ಹೇಳಿದೆ.

ಮಧ್ಯಾಹ್ನ ಅವಳ ಬಸ್ಸು ಹತ್ತಿದೆ. "ಟಿಕೆಟ್ ತಗೋ ಅಪ್ಪ, ಇದೇನು ಮಾವನ ಮನೆ ಬಸ್ಸಲ್ಲ" ಎಂದಳು, ಜನರೆಲ್ಲ ನಕ್ಕರು. ಟಿಕೆಟ್ ತೆಗೆದುಕೊಂಡೆ. ಕೊನೆಯ ನಿಲ್ದಾಣ ಬಂತು, ಇಳಿಯಲಿಲ್ಲ. ಬಸ್ಸು ಹಿಂತಿರುಗಿತು, ಮತ್ತೆ ಟಿಕೆಟ್ ತೆಗೆದುಕೊಂಡೆ. ಆ ಕಡೆಯ ಕೊನೆಯಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದುಹೋದ. ಖಾಲಿ ಬಸ್ಸಿನಲ್ಲಿ ನಾವಿಬ್ಬರೇ.

"ಏನಾಗಿದೆ ನಿಂಗೆ? ಮನೆ ಮರೆತುಹೋಯ್ತಾ?" ಎಂದು ಪಕ್ಕ ಬಂದು ಕೂತಳು.

ಆ ಹೆಸರು ಬಾಯಿಬಿಟ್ಟು ಹೇಳಿದೆ. ರಕ್ತದ ಕ್ಯಾನ್ಸರ್. ಎಲ್ಲ ಹೇಳಿದೆ, ಗುಳಿಗೆ ಯಾತಕ್ಕೆ, ಬಸುರು ಯಾಕೆ ಕೂಡದು, ಎಂದಿನಿಂದ ನನಗೆ ಗೊತ್ತು.

ಅವಳು ಅಳಲಿಲ್ಲ. ಟಿಕೆಟಿನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ, "ಗು ಅಜ್ಜಿಗೂ ಗೊತ್ತಾ?" ಎಂದಳು.

"ಇಲ್ಲ. ಯಾರಿಗೂ ಗೊತ್ತಿಲ್ಲ."

"ನಿಂಗೊಬ್ಬನಿಗೇ. ನನ್ನ ಮೈ. ನನ್ನ ರಕ್ತ. ನನ್ನ ಹೊಟ್ಟೆ. ಗೊತ್ತಿರೋದು ಮಾತ್ರ ನಿಂಗೆ." ದನಿ ಏರಲೇ ಇಲ್ಲ. "ಗೊತ್ತಿದ್ದಿದ್ರೆ ಗುಳಿಗೆ ಬಿಡ್ತಿದ್ನಾ ಅಪ್ಪ? ಮಗು ಬೇಕು ಅಂತಿದ್ನಾ? ಹೆಸರು ಇಡೋದು ಕೂಡ ಮಾತಾಡಿಕೊಂಡಿದ್ವಿ ನಾವು. ಹೋದ ವರ್ಷಾನೇ ಸತ್ತಿದ್ರೂ ಇಷ್ಟು ನೋಯ್ತಿರಲಿಲ್ಲ."

ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಡ್ರೈವರ್ ಬಂದ. ಅವಳು ಎದ್ದು, ಬಾಗಿಲ ಹತ್ತಿರ ನಿಂತು, ಎಂದಿನ ಗಂಟಲಿನಲ್ಲಿ ನಿಲ್ದಾಣದ ಹೆಸರು ಕೂಗಿದಳು. ಜನ ಹತ್ತಿದರು. ನಾನು ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕೂತೆ.

ಮೇ ೧೬

ಕಾಯಿಲೆ ಮರಳಿದೆ. ಮಗುವನ್ನು ತೆಗೆದರು.

ಮೇ ೧೮

ಗುಳಿಗೆ ಮತ್ತೆ ಶುರು. ಈ ಸಲ ಆಯುನ್ ತಾನೇ ರುಜು ಹಾಕಿದಳು. ಡಾಕ್ಟರ್ ತಾವ್‌ಗೆ ನನ್ನೆದುರೇ ಹೇಳಿದಳು, "ಇನ್ನು ಮೇಲೆ ಏನಿದ್ರೂ ನಂಗೆ ಹೇಳಿ. ಅಪ್ಪನ್ನ ಓಣೀಗೆ ಕರೀಬೇಡಿ." ಹೀಗೇ ಆಗಬೇಕಿತ್ತು ನನಗೆ.

ಜಿನ್‌ಹಾಯ್‌ಗೂ ಅವಳೇ ಹೇಳಿದ್ದಾಳೆ. ಸಂಜೆ ಮನೆಗೆ ಬಂದ. ಹೊಡೆಯುತ್ತಾನೇನೋ ಎಂದುಕೊಂಡೆ, ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಾಗಿಲಲ್ಲೇ ನಿಂತು, "ನಂಗಾದ್ರೂ ಹೇಳಬಹುದಿತ್ತಲ್ಲ ಮಾವ" ಎಂದ. "ಬಿಟ್ಟುಹೋಗ್ತಿದ್ದೆ ಅಂದ್ಕೊಂಡ್ರಾ?"

ಹೌದು, ಹಾಗೇ ಅಂದುಕೊಂಡಿದ್ದೆ. ಬಾಯಲ್ಲಿ ಮಾತ್ರ, ಒಳಗೆ ಬಾ, ಊಟ ಮಾಡು ಎಂದೆ.

ಜೂನ್ ೭

ಆಯುನ್ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಬೇಕಾದ್ದು, ಬೇಡದ್ದು ಅಷ್ಟೇ. ಇವತ್ತು ನಾನು ಹೋದಾಗ ಡಾಕ್ಟರ್ ತಾವ್ ಆಗಷ್ಟೇ ಅವಳ ಹಾಸಿಗೆಯ ಪಕ್ಕದಿಂದ ಎದ್ದುಹೋಗಿದ್ದಳು. ಆಯುನ್ ಕಿಟಕಿಯ ಕಡೆ ನೋಡುತ್ತಿದ್ದವಳು ನನ್ನತ್ತ ತಿರುಗಿ, "ಅಪ್ಪ, ಬಾ ಇಲ್ಲಿ" ಎಂದಳು. ಕೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಒಮ್ಮೆಯೂ ನನ್ನ ಕೈ ಹಿಡಿದಿರಲಿಲ್ಲ.

"ಏನಂದ್ರು?" ಎಂದೆ. ಈಗ ಕೇಳುವವನು ನಾನು, ಏನು ಮಾಡುವುದು.

"ಔಷಧಿ ಹಿಡೀತಿದೆಯಂತೆ. ನಿಧಾನ ಅಂದ್ರು, ಆದ್ರೆ ಹಿಡೀತಿದೆ."

ನನ್ನ ಹಾಳು ಕಣ್ಣು ತುಂಬಿಬಂತು. "ಏ, ಅಳಬೇಡ, ಪಕ್ಕದೋರು ನೋಡ್ತಾರೆ" ಎಂದು ನಕ್ಕಳು. ದಾರಿಯುದ್ದಕ್ಕೂ ನನಗೆ ಕಾಲು ನೆಲದ ಮೇಲಿರಲಿಲ್ಲ. ಆ ಕಣಗಳಿಗೆ ಎರಡನೇ ಸಲವೂ ಬುದ್ಧಿ ಬಂತು ನೋಡಿ! ಗು ಅಜ್ಜಿಗೂ ಹೇಳಿದೆ, ಕಾಯಿಲೆಯ ಹೆಸರು ಸಮೇತ. ಮುಚ್ಚಿಟ್ಟು ಮಾಡುವುದಾದರೂ ಏನು? ಅಜ್ಜಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು, "ಹುಳದ ಕತೆ ಅವತ್ತೇ ನಂಬಿರ್ಲಿಲ್ಲ ಕಣಪ್ಪ" ಎಂದಳು.

ಜೂನ್ ೨೧

ಸೂಜಿಮದ್ದನ್ನೂ ಸೇರಿಸಿದ್ದಾರೆ. ಬೇಗ ವಾಸಿಯಾಗಲೆಂದು ಕೊಡುತ್ತಿದ್ದಾರಂತೆ. ಕೂದಲು ಉದುರಿದೆ. ತೆಳ್ಳಗಾಗಿದ್ದಾಳೆ, ಔಷಧಿಗೆ ಹಸಿವು ಹೋಗುತ್ತದಂತೆ. ಒಂದು ಕಡುಬಿನ ಕಾಲುಭಾಗ ತಿಂದು, ತುಂಬ ಚೆನ್ನಾಗಿದೆ ಎಂದಳು.

ಜಿನ್‌ಹಾಯ್ ಕಣ್ಣು ಕೆಂಡದಂತಾಗಿತ್ತು. ಕೇಳಿದರೆ ಬೆಸುಗೆಯ ಹೊಗೆ ಎಂದ. ಕನ್ನಡಕ ಕೊಡಿ ಎಂದು ಕಾರ್ಖಾನೆಯವರನ್ನು ಕೇಳು, ಹೀಗಾದರೆ ಕಣ್ಣು ಹೋಗುತ್ತದೆಂದು ಬೈದೆ. ಆಯುನ್ ತನ್ನ ಮದುವೆಯ ಕೆಂಪು ಕೋಟನ್ನು ಬಸ್ಸಿನ ಗೆಳತಿಯೊಬ್ಬಳಿಗೆ ಕೊಟ್ಟುಬಿಟ್ಟಿದ್ದಾಳೆ. "ಈ ಬೇಸಿಗೇಲಿ ಯಾರು ಹಾಕ್ತಾರೆ? ಚಳಿಗಾಲಕ್ಕೆ ಹೊಸದು ಕೊಡಿಸು" ಎಂದಳು. ಕೊಡಿಸದೆ ಇರುತ್ತೇನೆಯೇ. ಈ ಸಲ ನೀಲಿ ಬೇಕಂತೆ.

ಜುಲೈ ೮

ಇಷ್ಟು ಖುಷಿಯ ದಿನ ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ, ವಿವರವಾಗಿಯೇ ಬರೆಯುತ್ತೇನೆ. ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ!

ಆಯುನ್ ಹೇಳಿದಳು, "ಅಪ್ಪ, ಮೊದಲು ನಿನ್ನ ಹತ್ರಾನೇ ಬರ್ತೀನಿ. ಜಿನ್‌ಹಾಯ್ ಕೋಣೇಲಿ ಸೆಕೆ. ಆದ್ರೆ ನಮ್ಮನೆ ಗೋಡೆಯೆಲ್ಲ ಕೆಳಗಿನ ಒಲೆ ಹೊಗೆ ಹಿಡಿದು ಕರ್ರಗಿದೆ. ಸುಣ್ಣ ಹೊಡಿ. ಪೂರ್ತಿ ಕೋಣೆಗೆ, ಅರ್ಧಂಬರ್ಧ ಬೇಡ. ಒಣಗೋ ತನಕ ಇಲ್ಲಿಗೆ ಬರಬೇಡ, ನಿನ್ನ ಮೈಗೆ ಅಂಟಿದ ಸುಣ್ಣದ ಧೂಳು ನಂಗೆ ಕೆಮ್ಮು ತರಿಸುತ್ತೆ."

"ನಾಕು ದಿನ ಬರದೆ ಇರ್ಲಾ?"

"ಎರಡು ತಿಂಗಳು ದಿನಾ ನೋಡಿ ನೋಡಿ ಬೇಜಾರಾಗಿಲ್ವಾ ನಿಂಗೆ? ಜಿನ್‌ಹಾಯ್ ರಜೆ ಹಾಕಿದ್ದಾನೆ, ಇರ್ತಾನೆ. ಹೋಗು."

ಹೊರಡುವಾಗ ನನ್ನ ಅಂಗಿಯ ಗುಂಡಿ ಸರಿಯಾಗಿ ಹಾಕಿದಳು. ಒಂದು ಗುಂಡಿಗೆ ಬಹಳ ಹೊತ್ತು ತೆಗೆದುಕೊಂಡಳು, ಬೆರಳಿಗೆ ಇನ್ನೂ ಬಲ ಬಂದಿಲ್ಲ.

ಮಂಚ, ಬೀರು ಎಲ್ಲ ನಡುವಿಗೆ ಎಳೆದಿದ್ದೇನೆ. ಸುಣ್ಣ ನೆನೆಹಾಕಿದೆ. ಈ ಮೊಣಕಾಲಿನಲ್ಲಿ ಏಣಿ ಹತ್ತುವುದು ನೋಡಿ ಗು ಅಜ್ಜಿ ಕೆಳಗಿನಿಂದ, "ಬೀಳ್ಬೇಡಪ್ಪ, ಒಬ್ಬರು ಆಸ್ಪತ್ರೇಲಿರೋದು ಸಾಕು" ಎಂದಳು.

ಜುಲೈ ೧೨

ಇವತ್ತು ಬೆಳಿಗ್ಗೆ ಆಯುನ್ ಹೋದಳು. ತಲೆಯೊಳಗೆ ರಕ್ತ ಹರಿಯಿತಂತೆ. ಜಿನ್‌ಹಾಯ್ ಹತ್ತಿರವಿದ್ದ. ನಾನು ಏಣಿಯ ಮೇಲಿದ್ದೆ.

ಜುಲೈ ೨೩

ಎಲ್ಲ ಮುಗಿಯಿತು. ಬೂದಿಯ ಪೆಟ್ಟಿಗೆಯನ್ನು ಅವಳ ತಾಯಿಯ ಪಕ್ಕ ಇಟ್ಟು ಬಂದೆವು.

ಇವತ್ತು ಆಸ್ಪತ್ರೆಗೆ ಹೋದೆ, ಅವಳ ಬಟ್ಟೆ ತರುವ ನೆಪದಲ್ಲಿ. ಡಾಕ್ಟರ್ ತಾವ್‌ಳ ಮೇಲೆ ಹರಿಹಾಯ್ದೆ. ಮನೆಗೆ ಕಳಿಸುತ್ತೇವೆಂದು ಹೇಗೆ ಹೇಳಿದಿರಿ, ಔಷಧಿ ಹಿಡಿಯುತ್ತಿದೆ ಎಂದು ಹೇಗೆ ಹೇಳಿದಿರಿ, ನೀವೂ ಡಾಕ್ಟರೇ ಎಂದು ಏನೇನೋ ಕೂಗಿದೆ. ಅವಳು ಕೂಗಲು ಬಿಟ್ಟಳು. ಆಮೇಲೆ ಓಣಿಯಲ್ಲಿ ಅಲ್ಲ, ತನ್ನ ಕೋಣೆಯಲ್ಲಿ ಕೂರಿಸಿ ಹೇಳಿದಳು.

"ನಾನು ಹಾಗೆ ಹೇಳಿರಲಿಲ್ಲ ಮೇಸ್ತ್ರಿಗಳೇ. ಜೂನ್ ಏಳನೇ ತಾರೀಕು ನಿಮ್ಮ ಮಗಳಿಗೆ ನಿಜಾನೇ ಹೇಳಿದ್ದೆ. ಈ ಸಲ ಗುಳಿಗೆ ನಾಟ್ತಿಲ್ಲ, ಸೂಜಿಮದ್ದೂ ಎಷ್ಟು ದಿನವೋ ಗೊತ್ತಿಲ್ಲ ಅಂತ. ಅಪ್ಪನಿಗೆ ಹೇಳ್ಬೇಡಿ ಅಂದ್ಲು. ರೋಗಿ ಹೇಳ್ಬೇಡಿ ಅಂದ ಮೇಲೆ ನಾನು ಹೇಳೋ ಹಾಗಿರಲಿಲ್ಲ."

ಜೂನ್ ಏಳು. ನನ್ನ ಕೈ ಹಿಡಿದುಕೊಂಡ ದಿನ.

"ನಾನೂ ಕೇಳ್ದೆ" ಎಂದಳು ಡಾಕ್ಟರ್ ತಾವ್. "ನಿಮ್ಮಪ್ಪ ಇದನ್ನೇ ಮಾಡಿದ್ದಕ್ಕೆ ಅಷ್ಟು ಕೋಪ ಮಾಡ್ಕೊಂಡೆಯಲ್ಲ, ಈಗ ನೀನೇ ಮಾಡ್ತೀಯಾ ಅಂತ. ಅದಕ್ಕೆ ಅವಳು, 'ಕೋಪ ಇನ್ನೂ ಇದೆ ಡಾಕ್ಟ್ರೇ. ಆದ್ರೆ ಮದುವೆಯಾದ ಮೇಲಿನ ಆ ನಾಕು ತಿಂಗಳು ನಾನು ಎಷ್ಟು ಚೆನ್ನಾಗಿದ್ದೆ ಅಂತ ನಂಗೇ ಗೊತ್ತು. ಅಪ್ಪನಿಗೂ ಅಷ್ಟು ಸಿಗ್ಲಿ' ಅಂದ್ಲು."

ನಡೆದೇ ಮನೆಗೆ ಬಂದೆ. ಬಸ್ಸು ಹತ್ತಲು ಆಗಲಿಲ್ಲ.

ನನಗೆ ಸಿಕ್ಕಿದ್ದು ಒಂದು ತಿಂಗಳು. ನಿಜ, ಆ ಒಂದು ತಿಂಗಳು ನಾನು ಸುಖವಾಗಿದ್ದೆ, ರಾತ್ರಿ ನಿದ್ದೆ ಮಾಡಿದೆ, ಮಾಂಸದಂಗಡಿಯವನ ಜೊತೆ ಹರಟೆ ಹೊಡೆದೆ. ಕೊನೆಯ ನಾಲ್ಕು ದಿನ ಅವಳು ಹೇಗಿದ್ದಳೋ ನನಗೆ ಗೊತ್ತಿಲ್ಲ. ನೀರು ಕೇಳಿದಳೋ, ನನ್ನ ಹೆಸರು ಹೇಳಿದಳೋ ಎಂದು ಜಿನ್‌ಹಾಯ್‌ನನ್ನು ಕೇಳಲು ಧೈರ್ಯವಿಲ್ಲ. ಅವಳು ನನಗೆ ಕೊಟ್ಟಿದ್ದನ್ನು ತಬ್ಬಿಕೊಂಡು ಅಳಬೇಕೆನ್ನಿಸುತ್ತದೆ, ಹಾಗೆಯೇ ಅವಳ ತೋಳು ಹಿಡಿದು ಜಗ್ಗಾಡಿ, ನನ್ನ ಮಗಳ ಸಾವು ನನಗೆ ಗೊತ್ತಾಗುವುದು ಬೇಡವಾ ಎಂದು ಕೂಗಬೇಕೆನ್ನಿಸುತ್ತದೆ. ಬಸ್ಸಿನಲ್ಲಿ ಅವಳು ಹೇಗೆ ಕೂತಿದ್ದಳೆಂದು ಇವತ್ತು ಅರ್ಥವಾಯಿತು.

ಸಂಜೆ ಜಿನ್‌ಹಾಯ್ ಬಂದ. ಅರ್ಧಕ್ಕೇ ನಿಂತ ಗೋಡೆಯನ್ನು ನೋಡಿದ. ಅಂಗಿಯ ತೋಳು ಮಡಚಿ ಏಣಿ ಹತ್ತಿದ. ನಾನು ಕೆಳಗೆ ಬಕೆಟ್ ಹಿಡಿದು ನಿಂತೆ. ಕತ್ತಲಾಗುವುದರೊಳಗೆ ಪೂರ್ತಿ ಕೋಣೆ ಮುಗಿಸಿದೆವು.